ಸಕಲೇಶಪುರದ ಹಲ್ಲು, ಹಾಸನದ ತಜ್ಞ: ರೆಫರಲ್ ಸಂಬಂಧ ಕಟ್ಟುವ ಬಗೆ

ಸಕಲೇಶಪುರದಾಚೆಯ ಕಾಫಿ ತೋಟವೊಂದರಲ್ಲಿ ಕೂಲಿ ಮಾಡುವ ಹೆಂಗಸೊಬ್ಬರು ಒಮ್ಮೆ ಹಾಸನದ ನನ್ನ ಕ್ಲಿನಿಕ್ಕಿಗೆ ಬಂದಾಗ ಅವರ ಕೈಯಲ್ಲಿದ್ದ ಚೀಟಿಯಲ್ಲಿ ಎರಡೇ ಪದಗಳಿದ್ದವು: ‘ಆರ್‌ಸಿಟಿಗಾಗಿ ಕಳುಹಿಸಿದೆ’. ಆರ್‌ಸಿಟಿ ಎಂದರೆ ರೂಟ್ ಕೆನಾಲ್, ಅಂದರೆ ಹಲ್ಲಿನ ಬೇರಿನೊಳಗಿನ ನಾಳದ ಚಿಕಿತ್ಸೆ. ಯಾವ ಹಲ್ಲು ಎಂದು ಬರೆದಿರಲಿಲ್ಲ, ತೆಗೆದಿದ್ದ ಎಕ್ಸ್‌ರೇ ಊರಿನ ಡಾಕ್ಟರ ಕಂಪ್ಯೂಟರಿನಲ್ಲೇ ಉಳಿದಿತ್ತು, ವಾರದಿಂದ ನುಂಗುತ್ತಿದ್ದ ಮಾತ್ರೆಯ ಹೆಸರು ಅವರಿಗೂ ತಿಳಿದಿರಲಿಲ್ಲ. ಎಡಭಾಗದ ಕೆಳದವಡೆಯಲ್ಲಿ ಅಕ್ಕಪಕ್ಕದ ಎರಡು ಹಲ್ಲುಗಳು ಹುಳುಕಾಗಿದ್ದವು. ಊರಿನ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಇನ್ನೊಬ್ಬರ ಹಲ್ಲು ಕೀಳುವುದರಲ್ಲಿ ಮಗ್ನರಾಗಿದ್ದರು. ಮತ್ತೆ ಎಕ್ಸ್‌ರೇ ತೆಗೆದು, ತಟ್ಟಿ ನೋಡಿ, ತಣ್ಣನೆಯದನ್ನು ಮುಟ್ಟಿಸಿ ನೋಡಿ, ನೋಯುವ ಹಲ್ಲು ಯಾವುದೆಂದು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ಇನ್ನೊಂದು ದಿನದ ಕೂಲಿ ಬಿಟ್ಟು ಅವರು ಮತ್ತೆ ಬರಬೇಕಾಯಿತು. ಆ ಎರಡನೆಯ ದಿನದ ಕೂಲಿ ಹೋದದ್ದು ಹುಳುಕಿನಿಂದಲ್ಲ, ನಾವು ಇಬ್ಬರು ಡಾಕ್ಟರು ಮೊದಲೇ ಕೂತು ಮಾತಾಡಿಕೊಳ್ಳದೇ ಇದ್ದುದರಿಂದ.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಮಾತುಕತೆಗೆ ಬೆಲೆ ಹೆಚ್ಚು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಕಳಸದಿಂದ ಚಿಕ್ಕಮಗಳೂರಿಗೆ 90 ಕಿಲೋಮೀಟರ್ ಆಸುಪಾಸು. ಮಳೆಗಾಲದ ಘಟ್ಟದ ರಸ್ತೆಯಲ್ಲಿ ಈ ಲೆಕ್ಕ ಕಿಲೋಮೀಟರಿನಲ್ಲಿ ಹಿಡಿಯುವಂಥದ್ದೂ ಅಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿರುವವರಲ್ಲಿ ಬಹುಮಂದಿ ಬಿಡಿಎಸ್ ಓದಿದ ಸಾಮಾನ್ಯ ದಂತವೈದ್ಯರು. ಅದರ ಮೇಲೆ ಮೂರು ವರ್ಷದ ಎಂಡಿಎಸ್ ಮಾಡಿದ ತಜ್ಞರಲ್ಲಿ ಒಟ್ಟು ಒಂಬತ್ತು ವಿಭಾಗಗಳಿವೆಯಾದರೂ ತಾಲ್ಲೂಕಿನ ವೈದ್ಯರಿಗೆ ಪದೇಪದೇ ಬೇಕಾಗುವವರು ಐದು ಮಂದಿ: ರೂಟ್ ಕೆನಾಲ್ ತಜ್ಞರು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು, ಒಸಡಿನ ತಜ್ಞರು, ಕ್ಲಿಪ್ ಹಾಕುವವರು ಮತ್ತು ಮಕ್ಕಳ ದಂತವೈದ್ಯರು. ಈ ಐವರ ಪರಿಚಯವನ್ನು ಹೇಗೆ ಮಾಡಿಕೊಳ್ಳಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ರೂಟ್ ಕೆನಾಲ್ ತಜ್ಞನಾದ ನಾನು ನನ್ನ ಕಡೆಯಿಂದ ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೆರೆ ಎಳೆದುಕೊಳ್ಳಿ

ಯಾವ ಕೇಸನ್ನು ತಾನೇ ಮಾಡುವುದು, ಯಾವುದನ್ನು ಕಳುಹಿಸುವುದು ಎಂಬ ಗೆರೆಯನ್ನು ಸಾಮಾನ್ಯ ದಂತವೈದ್ಯರು ರೋಗಿ ಕುರ್ಚಿಯಲ್ಲಿ ಕೂತ ಮೇಲೆ ಎಳೆಯಲು ಹೊರಟರೆ ಅದು ಪ್ರತಿಸಲವೂ ಬೇರೆ ಕಡೆ ಬೀಳುತ್ತದೆ. ಬಿಡುವಿನ ಹೊತ್ತಿನಲ್ಲಿ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ವಿಭಾಗದ ಮಾತನ್ನೇ ಹೇಳುವುದಾದರೆ, ಮುಂದಿನ ಹಲ್ಲಿನ ನೇರವಾದ ಒಂದೇ ನಾಳದ ಚಿಕಿತ್ಸೆಗೆ ರೋಗಿಯನ್ನು ಘಟ್ಟದಿಂದ ಹಾಸನಕ್ಕೆ ಕಳುಹಿಸಬೇಕಾದ ಅಗತ್ಯವೇ ಇಲ್ಲ. ಮೇಲಿನ ಮೊದಲ ದವಡೆ ಹಲ್ಲಿನ ಮಾತು ಬೇರೆ: ಅದರ ಮುಂದಿನ ಕೆನ್ನೆಬದಿಯ ಬೇರಿನೊಳಗೆ ಬಹುಪಾಲು ಎರಡನೆಯ ನಾಳವೊಂದು ಅಡಗಿರುತ್ತದೆ, ಬರಿಗಣ್ಣಿಗೆ ಅದು ಸುಲಭಕ್ಕೆ ಸಿಗುವುದಿಲ್ಲ, ಸಿಗದೆ ಉಳಿದರೆ ತಿಂಗಳುಗಳ ನಂತರ ಅದೇ ಹಲ್ಲು ಕೀವಾಗಿ ಮರಳಿ ಬರುತ್ತದೆ. ಸುಣ್ಣ ಕಟ್ಟಿ ಮುಚ್ಚಿಹೋದ ನಾಳ, ತೀರಾ ಬಾಗಿದ ಬೇರು, ಒಳಗೆ ಮುರಿದು ಉಳಿದ ಫೈಲು (ನಾಳವನ್ನು ಉಜ್ಜುವ ಸೂಜಿಯಂಥ ಉಪಕರಣ), ಹಿಂದೆ ಮಾಡಿದ ರೂಟ್ ಕೆನಾಲ್ ಕೆಟ್ಟು ಮತ್ತೆ ಮಾಡಬೇಕಾದ ಹಲ್ಲು ಇವುಗಳನ್ನು ಮುಟ್ಟುವ ಮೊದಲೇ ಕಳುಹಿಸಿದರೆ ತಜ್ಞನಿಗೆ ಕೆಲಸ ಅರ್ಧ ಸುಲಭ. ಅರ್ಧ ತೆರೆದು, ದಾರಿ ತಪ್ಪಿ, ಬೇರಿನ ಪಕ್ಕದಲ್ಲಿ ತೂತು ಬಿದ್ದ ಮೇಲೆ ಬರುವ ಹಲ್ಲುಗಳೂ ಉಂಟು. ಅವನ್ನು ಉಳಿಸುವುದು ಒಮ್ಮೊಮ್ಮೆ ಯಾರಿಂದಲೂ ಆಗುವುದಿಲ್ಲ.

ಬುದ್ಧಿಹಲ್ಲು ಕೆಳದವಡೆಯ ನರದ ಕಾಲುವೆಗೆ ತಾಗಿದಂತೆ ಓಪಿಜಿಯಲ್ಲಿ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ಕಂಡರೆ ಶಸ್ತ್ರಚಿಕಿತ್ಸಕರಿಗೆ ಬಿಡುವುದು, ಹಲ್ಲು ಮತ್ತು ಒಸಡಿನ ನಡುವಿನ ಸಂದು 6 ಮಿಲಿಮೀಟರ್ ಅಥವಾ ಹೆಚ್ಚು ಆಳವಿದ್ದರೆ ಒಸಡಿನ ತಜ್ಞರಿಗೆ ತೋರಿಸುವುದು, ಏಳು ವರ್ಷದ ಹೊತ್ತಿಗೆ ಮಗುವಿನ ದವಡೆಗಳು ಸರಿಯಾಗಿ ಕೂಡುತ್ತಿವೆಯೇ ಎಂದು ಕ್ಲಿಪ್ ತಜ್ಞರಿಂದ ಒಮ್ಮೆ ನೋಡಿಸುವುದು ಹೆಚ್ಚು ಚರ್ಚೆ ಬೇಡದ ಗೆರೆಗಳು.

ಅಡಿಕೆ ಬೆಳೆಯುವ, ಅಡಿಕೆ ಅಗಿಯುವ ನಮ್ಮ ಸೀಮೆಯಲ್ಲಿ ಮತ್ತೊಂದು ಗೆರೆಯನ್ನು ಕೆಂಪು ಶಾಯಿಯಲ್ಲಿ ಎಳೆಯಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಒಳಗೆ ಹೋಗದಷ್ಟು ಬಿಗಿದ ಬಾಯಿ ಕಂಡರೆ ಮುಲಾಮು ಬರೆದುಕೊಟ್ಟು ‘ಮುಂದಿನ ತಿಂಗಳು ಬನ್ನಿ’ ಎನ್ನುವಂತಿಲ್ಲ. ಬಯಾಪ್ಸಿ ಮಾಡಬಲ್ಲವರಿಗೆ, ಉದಾಹರಣೆಗೆ ಹಾಸನದ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನಂಥ ಕಡೆಗೆ, ಆ ವಾರದಲ್ಲೇ ಕಳುಹಿಸಿ, ಹೋದರೋ ಇಲ್ಲವೋ ಎಂದು ತಾನಾಗಿ ಫೋನ್ ಮಾಡಿ ವಿಚಾರಿಸಬೇಕು. ನಾಲಗೆಯ ಕೆಳಗೆ ಎರಡೂ ಬದಿ ಊದಿಕೊಂಡು, ನುಂಗಲಾಗದೆ ಜೊಲ್ಲು ಸುರಿಸುತ್ತಿರುವ ರೋಗಿಯನ್ನಂತೂ ದಂತತಜ್ಞರ ಅಪಾಯಿಂಟ್‌ಮೆಂಟಿಗಾಗಿ ಕಾಯಿಸಲೇಬಾರದು. ಉಸಿರುದಾರಿ ಕಟ್ಟುವ ಅಪಾಯವಿರುವುದರಿಂದ 108 ಕರೆಸಿ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೇ ಸಾಗಿಸಬೇಕು.

ಕಳುಹಿಸುವುದೇ ತಪ್ಪಾಗುವ ಸಂದರ್ಭವೂ ಒಂದಿದೆ. ಶಾಲೆಯ ಮೈದಾನದಲ್ಲಿ ಬಿದ್ದು ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ, ಒಂದು ಗಂಟೆಯೊಳಗೆ ಅದನ್ನು ಮರಳಿ ಗೂಡಿಗೆ ಕೂರಿಸಬೇಕು. ಬೇರನ್ನು ಮುಟ್ಟದೆ ಹಿಡಿದು, ತಕ್ಷಣ ಕೂರಿಸಲಾಗದಿದ್ದರೆ ಹಾಲಿನಲ್ಲಿ ಹಾಕಿ ತಂದಿರುವ ಆ ಹಲ್ಲನ್ನು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಪಯಣ ಹೊರಡಿಸಿದರೆ ದಾರಿಯಲ್ಲೇ ಹೊತ್ತು ಮೀರುತ್ತದೆ. ಮೂಡಿಗೆರೆಯಲ್ಲೇ ಕೂರಿಸಿ, ತಂತಿ ಕಟ್ಟಿ, ಆಮೇಲೆ ತಜ್ಞರಿಗೆ ತೋರಿಸಲಿ. ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸುವಂತಿಲ್ಲ.

ಪರಿಚಯಕ್ಕೆ ತಜ್ಞನೇ ಹೊರಡಲಿ

ಪಟ್ಟಣದಲ್ಲಿ ಹೊಸದಾಗಿ ಕ್ಲಿನಿಕ್ ತೆರೆದ ತಜ್ಞರು ಆಮಂತ್ರಣ ಪತ್ರಿಕೆಯ ಜೊತೆಗೆ ಸಿಹಿ ಪೊಟ್ಟಣ ಕಳುಹಿಸುವ ರೂಢಿಯಿದೆ. ಪೊಟ್ಟಣ ಖಾಲಿಯಾಗುತ್ತದೆ, ಪತ್ರಿಕೆ ಮೇಜಿನ ಡ್ರಾಯರು ಸೇರುತ್ತದೆ. ಅದರ ಬದಲು ಬೇಲೂರು, ಆಲೂರು, ಅರಕಲಗೂಡುಗಳಿಗೆ ತಾವೇ ಹೋಗಿ, ರೋಗಿಗಳು ಕಡಿಮೆಯಿರುವ ಮಧ್ಯಾಹ್ನ ಅರ್ಧ ಗಂಟೆ ಕೂತು ಬರುವುದು ಮೇಲು. ಹೋದಾಗ ತಮ್ಮ ಬಳಿ ಸೂಕ್ಷ್ಮದರ್ಶಕವಿದೆ, ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ಇದೆ ಎಂದು ಹೇಳಿಕೊಳ್ಳುವುದಕ್ಕಿಂತ, ‘ನಿಮಗೆ ಯಾವ ಕೇಸು ತಲೆನೋವು ತರುತ್ತದೆ, ಸರ್? ಹಿಂದೆ ಕಳುಹಿಸಿದಾಗ ಏನು ಕಿರಿಕಿರಿಯಾಗಿತ್ತು?’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ನಾನು ಹೀಗೆ ಕೇಳಿದಾಗ ಹಿರಿಯ ವೈದ್ಯರೊಬ್ಬರು ಒಂದೇ ಮಾತು ಹೇಳಿದರು: ‘ಕಳಿಸಿದವರು ವಾಪಸ್ ಬರಲ್ಲ, ಡಾಕ್ಟ್ರೇ.’ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು ಅವರ ಆ ದೂರಿನಲ್ಲೇ ಇದೆ.

ಸಾಮಾನ್ಯ ವೈದ್ಯರೂ ತಜ್ಞರ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ನೋಡಬೇಕು. ಉಪಕರಣಗಳನ್ನು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಶುದ್ಧಿ) ಮಾಡುವ ಬಗೆ, ರೋಗಿಯನ್ನು ಕಾಯಿಸುವ ಅವಧಿ, ಸ್ವಾಗತದಲ್ಲಿ ಕೂತವರು ಮಾತಾಡಿಸುವ ರೀತಿ ಇವನ್ನು ಕಣ್ಣಾರೆ ಕಂಡವರು ರೋಗಿಗೆ ಧೈರ್ಯವಾಗಿ ‘ಅಲ್ಲಿಗೆ ಹೋಗಿ’ ಎನ್ನಬಲ್ಲರು.

ಚೀಟಿಯಲ್ಲಿ ಏನಿರಬೇಕು

ರೋಗಿಯ ಹೆಸರು, ವಯಸ್ಸು, ಫೋನ್ ಸಂಖ್ಯೆಯ ನಂತರ ಮೊದಲು ಬರೆಯಬೇಕಾದದ್ದು ಹಲ್ಲಿನ ಸಂಖ್ಯೆ. ಅದನ್ನು ಎಫ್‌ಡಿಐ ಎರಡಂಕಿ ಪದ್ಧತಿಯಲ್ಲೇ (ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ, ಎರಡನೆಯದು ಅಲ್ಲಿ ಎಷ್ಟನೆಯ ಹಲ್ಲು) ಬರೆಯಬೇಕು: ಎಡ ಕೆಳದವಡೆಯ ಮೊದಲ ದವಡೆ ಹಲ್ಲು 36, ಬಲಕ್ಕೆ 46. ‘ಕೆಳಗಿನ ಆರನೆಯದು’ ಎಂದು ಬರೆದರೆ ಎಡಬಲದ ಗೊಂದಲ, ‘ಹಿಂದಿನಿಂದ ಎರಡನೆಯದು’ ಎಂದರೆ ಬುದ್ಧಿಹಲ್ಲು ಬಂದಿದೆಯೋ ಇಲ್ಲವೋ ಎಂಬ ಗೊಂದಲ. ಕ್ಲಿಪ್ ಹಾಕುವ ಮೊದಲು ಹಲ್ಲು ಕೀಳಿಸಲು ತಜ್ಞರು ಸಾಮಾನ್ಯ ವೈದ್ಯರಿಗೆ ಬರೆಯುವ ಚೀಟಿಯಲ್ಲಂತೂ ಸಂಖ್ಯೆಯ ಜೊತೆಗೆ ‘ಬಲ ಮೇಲ್ದವಡೆಯ ಮೊದಲ ಮುಂದವಡೆ ಹಲ್ಲು, 14’ ಎಂದು ಅಕ್ಷರದಲ್ಲೂ ಬರೆಯಬೇಕು, ಏಕೆಂದರೆ ಕಿತ್ತ ಹಲ್ಲಿಗೆ ತಿದ್ದುಪಡಿ ಇರುವುದಿಲ್ಲ.

ನಂತರ, ಈವರೆಗೆ ಏನು ಮಾಡಲಾಗಿದೆ ಎಂಬುದು. ಹಲ್ಲನ್ನು ತೆರೆದಿದ್ದರೆ ಯಾವ ದಿನ, ಒಳಗೆ ಯಾವ ಔಷಧಿ ಇಡಲಾಗಿದೆ, ಫೈಲು ಮುರಿದಿದ್ದರೆ ಎಲ್ಲಿ ಮುರಿದಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು. ಫೈಲು ಯಾರ ಕೈಯಲ್ಲೂ ಮುರಿಯುತ್ತದೆ, ನನ್ನ ಕೈಯಲ್ಲೂ ಮುರಿದಿದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆಸವೆತಕ್ಕೆ ಕೊಡುವ ಚುಚ್ಚುಮದ್ದು, ಔಷಧಿಯ ಅಲರ್ಜಿ ಇವುಗಳ ವಿವರ ಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಮ್ಮಿಬ್ಬರಲ್ಲಿ ಯಾರೂ ನಿಲ್ಲಿಸುವಂತಿಲ್ಲ.

ಕೊನೆಗೆ, ತಜ್ಞನಿಂದ ಏನು ಬೇಕು ಎಂಬ ಪ್ರಶ್ನೆ. ‘ಅಭಿಪ್ರಾಯ ಮಾತ್ರ’, ‘ರೂಟ್ ಕೆನಾಲ್ ಮುಗಿಸಿ ಕಳುಹಿಸಿ, ಕ್ಯಾಪ್ ನಾನು ಹಾಕುತ್ತೇನೆ’, ‘ಉಳಿಸಲಾಗದಿದ್ದರೆ ಕೀಳುವ ಮೊದಲು ಫೋನ್ ಮಾಡಿ’ ಎಂಬಂಥ ಒಂದು ವಾಕ್ಯ ಮುಂದಿನ ಬಹಳಷ್ಟು ಮನಸ್ತಾಪಗಳನ್ನು ತಪ್ಪಿಸುತ್ತದೆ. ಎಕ್ಸ್‌ರೇಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆ ತಲುಪುತ್ತದೆ. ರೋಗಿಯ ಒಪ್ಪಿಗೆ ಪಡೆದು, ಆ ತಜ್ಞರ ಸಂಖ್ಯೆಗೆ ಮಾತ್ರ ಕಳುಹಿಸಬೇಕು. ಇನ್ನೂರು ಜನರಿರುವ ಗುಂಪಿಗೆ ರೋಗಿಯ ಹೆಸರಿರುವ ಓಪಿಜಿ ಹಾಕಿ ‘ಏನು ಮಾಡಲಿ’ ಎಂದು ಕೇಳುವುದು ರೆಫರಲ್ ಅಲ್ಲ.

ರೋಗಿಗೆ ಹೇಳುವ ಮಾತಿನಲ್ಲೂ ಎಚ್ಚರ ಬೇಕು. ‘ದೊಡ್ಡ ಡಾಕ್ಟರ ಹತ್ತಿರ ಹೋಗಿ’ ಎಂದರೆ ಹೇಳಿದವರು ಚಿಕ್ಕ ಡಾಕ್ಟರಾಗುತ್ತಾರೆ, ರೋಗಿ ಮರಳಿ ಬರುವುದಿಲ್ಲ. ‘ಈ ಹಲ್ಲಿನ ನಾಳ ಮುಚ್ಚಿಹೋಗಿದೆ, ಇದೊಂದು ಕೆಲಸವನ್ನು ಅವರು ಮಾಡುತ್ತಾರೆ, ಮುಗಿದ ಮೇಲೆ ಕ್ಯಾಪ್ ಇಲ್ಲೇ ಹಾಕೋಣ’ ಎಂದರೆ ಕಾರಣವೂ ತಿಳಿಯುತ್ತದೆ, ದಾರಿಯೂ ತಿಳಿಯುತ್ತದೆ. ತಜ್ಞರ ಶುಲ್ಕ ಸುಮಾರು ಎಷ್ಟಾಗಬಹುದು, ಎಷ್ಟು ಸಲ ಹೋಗಬೇಕಾಗುತ್ತದೆ ಎಂಬುದನ್ನು ಅಲ್ಲೇ ಹೇಳಿಬಿಟ್ಟರೆ ಅರ್ಧದಲ್ಲಿ ನಿಲ್ಲಿಸುವವರು ಕಡಿಮೆಯಾಗುತ್ತಾರೆ.

ವಾಪಸು ಕಳುಹಿಸುವ ಕೆಲಸ

ತಜ್ಞನ ಪರೀಕ್ಷೆ ಇರುವುದು ಇಲ್ಲಿ. 36ಕ್ಕೆ ಬಂದ ರೋಗಿಯ ಬಾಯಿಯಲ್ಲಿ ಇನ್ನೂ ನಾಲ್ಕು ಹುಳುಕು ಕಂಡರೆ, ಅವನ್ನು ಪತ್ರದಲ್ಲಿ ಬರೆದು ಊರಿನ ವೈದ್ಯರಿಗೇ ಬಿಡಬೇಕು. ರೋಗಿ ‘ಬಂದಿದ್ದೇನಲ್ಲ, ಇದನ್ನೂ ನೀವೇ ಮಾಡಿಬಿಡಿ’ ಎಂದಾಗ ಒಪ್ಪಿಕೊಳ್ಳುವ ಆಸೆ ಸಹಜವಾದರೂ, ಒಪ್ಪಿದರೆ ಅಂದು ನಾಲ್ಕು ಫಿಲ್ಲಿಂಗಿನ ಹಣ ಬರುತ್ತದೆ, ಆ ಊರಿನಿಂದ ಮುಂದೆ ಚೀಟಿ ಬರುವುದಿಲ್ಲ. ದೂರದ ರೋಗಿಗೆ ಇನ್ನೊಂದು ಓಡಾಟ ನಿಜಕ್ಕೂ ಕಷ್ಟವಾಗುವಂತಿದ್ದರೆ, ಅವರ ಎದುರಿನಲ್ಲೇ ಊರಿನ ವೈದ್ಯರಿಗೆ ಫೋನ್ ಮಾಡಿ ಕೇಳಿಕೊಂಡು ಮಾಡಬಹುದು.

ಕ್ಯಾಪಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಬೀಳದಿದ್ದರೆ ಅದು ಸೀಳುವ ಸಂಭವ ಹೆಚ್ಚು. ತಾತ್ಕಾಲಿಕ ಸಿಮೆಂಟು ಕೆಲವೇ ವಾರಗಳಲ್ಲಿ ಸವೆದು ಎಂಜಲು ಒಳಗಿಳಿಯುತ್ತದೆ. ನೋವು ಹೋಯಿತೆಂದು ರೋಗಿ ಸುಮ್ಮನಾಗುತ್ತಾರೆ, ತಜ್ಞ ತನ್ನ ಕೆಲಸ ಮುಗಿಯಿತೆನ್ನುತ್ತಾನೆ, ಊರಿನ ವೈದ್ಯರಿಗೆ ಚಿಕಿತ್ಸೆ ಮುಗಿದದ್ದೇ ಗೊತ್ತಿರುವುದಿಲ್ಲ. ಆದ್ದರಿಂದ ಚಿಕಿತ್ಸೆ ಮುಗಿದ ದಿನವೇ, ರೋಗಿ ಬಸ್ ನಿಲ್ದಾಣ ತಲುಪುವ ಮೊದಲು, ಊರಿನ ವೈದ್ಯರಿಗೆ ಪತ್ರ ಹೋಗಬೇಕು: ಎಷ್ಟು ನಾಳ ಸಿಕ್ಕವು, ಕೊನೆಯ ಎಕ್ಸ್‌ರೇ, ಮೇಲೆ ಇಟ್ಟಿರುವ ಸಿಮೆಂಟು ಯಾವುದು, ಕ್ಯಾಪ್ ಎಷ್ಟು ದಿನದೊಳಗೆ ಬೀಳಬೇಕು, ಮತ್ತೆ ಎಕ್ಸ್‌ರೇ ಯಾವಾಗ. ಐದಾರು ಸಾಲು ಸಾಕು. ಕ್ಯಾಪಿಗೆ ನಾನು ತಿಂಗಳೊಳಗೆ ಎಂದು ಬರೆಯುತ್ತೇನೆ ಮತ್ತು ಆ ದಿನಾಂಕವನ್ನು ರೋಗಿಯ ಕಾರ್ಡಿನ ಮೇಲೂ ಕನ್ನಡದಲ್ಲಿ ಬರೆದುಕೊಡುತ್ತೇನೆ.

ಊರಿನ ವೈದ್ಯರ ಕೆಲಸವನ್ನು ರೋಗಿಯ ಎದುರು ಹಳಿಯುವ ಚಾಳಿ ನಮ್ಮ ವೃತ್ತಿಯಲ್ಲಿದೆ. ‘ಯಾರ್ರೀ ಇದನ್ನ ಮಾಡಿದ್ದು?’ ಎಂಬ ಒಂದು ಉದ್ಗಾರ ಸಂಜೆಯೊಳಗೆ ಅರಸೀಕೆರೆ ತಲುಪಿರುತ್ತದೆ. ಕೆಲಸ ನಿಜಕ್ಕೂ ಕೆಟ್ಟಿದ್ದರೆ ರೋಗಿಗೆ ಹಲ್ಲಿನ ಸ್ಥಿತಿಯನ್ನು ಮರೆಮಾಚದೆ ಹೇಳಬೇಕು, ಏಕೆಂದರೆ ಅದು ಅವರ ಹಲ್ಲು. ಕಾರಣವನ್ನು ಕುರಿತ ಮಾತನ್ನು ವೈದ್ಯರ ಜೊತೆ ನೇರವಾಗಿ ಆಡಬೇಕು.

ಹಣದ ಮಾತು

ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ಭಾರತೀಯ ದಂತ ಪರಿಷತ್ತಿನ 2014ರ ನೀತಿಸಂಹಿತೆ ನಿಷೇಧಿಸುತ್ತದೆ. ಕಮಿಷನ್ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರೆ ನಿಷೇಧದ ಕಾರಣ ತಾನಾಗಿ ತಿಳಿಯುತ್ತದೆ: ಅದು ರೋಗಿಯ ಬಿಲ್ಲಿನಲ್ಲೇ ಸೇರಿರುತ್ತದೆ. ‘ಎಲ್ಲರೂ ಕೊಡುತ್ತಾರಲ್ಲ’ ಎನ್ನುವವರು ಸಿಗುತ್ತಾರೆ. ಅವರ ಚೀಟಿಗಳು ಹೆಚ್ಚು ಕೊಡುವವರು ಬಂದ ದಿನ ಅತ್ತ ತಿರುಗುತ್ತವೆ, ಆದ್ದರಿಂದ ಕಳೆದುಕೊಂಡರೂ ನಷ್ಟವಿಲ್ಲ.

ತಜ್ಞರು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಾಲ್ಲೂಕಿನ ಕ್ಲಿನಿಕ್ಕಿಗೇ ಬಂದು ಚಿಕಿತ್ಸೆ ಮಾಡುವ ವಿಸಿಟಿಂಗ್ ವ್ಯವಸ್ಥೆ ಇದಕ್ಕಿಂತ ಬೇರೆ. ಅಲ್ಲಿ ತಜ್ಞರಿಗೆ ಸಲ್ಲುವುದು ಮಾಡಿದ ಕೆಲಸದ ಶುಲ್ಕ. ಮಲೆನಾಡಿನ ರೋಗಿಗಳಿಗೆ ಇದು ಬಹಳ ಅನುಕೂಲ. ಆದರೆ ಒಂದೊಂದು ಚಿಕಿತ್ಸೆಗೆ ಎಷ್ಟು, ಸಾಮಗ್ರಿ ಯಾರದು, ರಾತ್ರಿ ಊತ ಬಂದರೆ ರೋಗಿ ಯಾರಿಗೆ ಫೋನ್ ಮಾಡಬೇಕು, ಕೆಟ್ಟ ಹಲ್ಲನ್ನು ಮತ್ತೆ ಮಾಡಬೇಕಾದರೆ ಖರ್ಚು ಯಾರದು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳದೆ ಶುರುಮಾಡಬಾರದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಕ್ಲಿನಿಕ್ಕಿನಲ್ಲಿ ಶುಲ್ಕದ ಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕಾಗಿರುವುದರಿಂದ, ತಜ್ಞರ ಚಿಕಿತ್ಸೆಗಳ ದರವನ್ನೂ ಅದರಲ್ಲೇ ಸೇರಿಸಬಹುದು.

ತೋಟದ ಕ್ಯಾಲೆಂಡರು

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ಆಗ ತೋಟದ ಕೆಲಸಗಾರರಿಗೆ ಮೂರು ಭೇಟಿಯ ಚಿಕಿತ್ಸೆ ಹೇಳಿದರೆ ಒಂದಕ್ಕೆ ಬಂದು ನಿಲ್ಲಿಸುತ್ತಾರೆ. ಸಾಧ್ಯವಿದ್ದರೆ ಒಂದೇ ಕೂರಿಕೆಯಲ್ಲಿ ಮುಗಿಸುವಂಥ ಕೇಸುಗಳನ್ನು ಆ ತಿಂಗಳುಗಳಿಗೆ ಇಟ್ಟುಕೊಂಡು, ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೊರಡುವಂತೆ ಸಮಯ ಕೊಡಬೇಕು. ಹಾಸನಾಂಬೆಯ ಬಾಗಿಲು ತೆರೆದಿರುವ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಹಾಸನದೊಳಗೆ ಬರುವುದೇ ಸಾಹಸವಾದ್ದರಿಂದ, ತುರ್ತಿಲ್ಲದ ಕೇಸನ್ನು ಆಗ ಕಳುಹಿಸದಂತೆ ನಾನು ಮುಂಚಿತವಾಗಿ ಎಲ್ಲರಿಗೂ ಸಂದೇಶ ಹಾಕುತ್ತೇನೆ.

ಇಬ್ಬರ ಬಳಿಯೂ ಒಂದೊಂದು ಪುಸ್ತಕವಿರಲಿ: ಕಳುಹಿಸಿದ ದಿನ, ಬಂದ ದಿನ, ಮುಗಿದ ದಿನ, ಕ್ಯಾಪ್ ಬಿದ್ದ ದಿನ ಎಂದು ನಾಲ್ಕು ಅಂಕಣ. ತಿಂಗಳ ಕೊನೆಯ ಶನಿವಾರ ಖಾಲಿ ಉಳಿದ ಅಂಕಣಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ, ಯಾವ ರೋಗಿಗೆ ಯಾರು ಕರೆ ಮಾಡುವುದೆಂದು ಹಂಚಿಕೊಳ್ಳಬೇಕು. ಸಕಲೇಶಪುರದಾಚೆಯ ಆ ತಾಯಿಯ ಸಾಲಿನಲ್ಲಿ ನಾಲ್ಕನೆಯ ಅಂಕಣ ತುಂಬಿದ್ದು ಕೊಯ್ಲು ಮುಗಿದ ಮೇಲೆ, ಅವರ ಊರಿನ ಡಾಕ್ಟರು ಎರಡು ಸಲ ಫೋನ್ ಮಾಡಿದ ಮೇಲೆ.