ಹನ್ನೊಂದು ಹಳೇ ಕಂಪ್ಯೂಟರ್, ಒಂದು ರಾಶಿ ನುಡಿ ಫೈಲು

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಯವರು ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹನ್ನೊಂದು ಕಂಪ್ಯೂಟರ್ ಕೊಟ್ಟರು. ಅವರು ಬಳಸಿ ಬಿಟ್ಟವು. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿಕೊಂಡು ಬಂದವು. ಏಳನೇ ತರಗತಿ ಮಕ್ಕಳು ಗಣಪತಿ ಮೂರ್ತಿ ಇಳಿಸುವ ಹಾಗೆ ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ಇಳಿಸಿದರು.

ಆಫೀಸ್ ತಂತ್ರಾಂಶ ಅವುಗಳಲ್ಲೇ ಇತ್ತು. ಐದಾರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಅಂಕಪಟ್ಟಿ ಕಳಿಸಬೇಕಾದ ದಿನವೇ ತೆರೆದು ನೋಡಿದರೆ ಮೇಲೆ ಕೆಂಪು ಪಟ್ಟಿ, ಟೈಪ್ ಮಾಡೋಕೆ ಬಿಡ್ತಿಲ್ಲ. ಲೈಸೆನ್ಸ್ ಇದ್ದದ್ದು ಆ ಕಂಪನಿಯ ಹೆಸರಲ್ಲಿ. ಮಷಿನ್ ನಮ್ಮದಾದರೆ ಲೈಸೆನ್ಸೂ ನಮ್ಮದಾಗುವುದಿಲ್ಲ ಅನ್ನೋದು ಅವತ್ತು ಗೊತ್ತಾಯಿತು. ರಿಪೇರಿ ಅಂಗಡಿಯವರು 200 ರೂಪಾಯಿಗೆ ಕ್ರ್ಯಾಕ್ ಹಾಕಿಕೊಡ್ತೀನಿ ಅಂದರು. ಬೇಡ ಅಂದೆ. ಪರೀಕ್ಷೆಯಲ್ಲಿ ನಕಲು ಹೊಡೀಬೇಡಿ ಅಂತ ಹೇಳುವ ಕೋಣೆಯಲ್ಲೇ ಕದ್ದ ಮಾಲು ಇಟ್ಟುಕೊಂಡು ಪಾಠ ಮಾಡೋದು ನನಗೆ ಆಗಲ್ಲ.

ನೆಟ್ ಮೂಲಕ ಪುಕ್ಕಟೆ ಬಳಸುವಂಥವು ಇವೆ ನಿಜ. ಆದರೆ ನಮ್ಮ ಶಾಲೆಗೆ ನೆಟ್ ಅಂದರೆ ನನ್ನ ಫೋನು, ಅದೂ ಕಿಟಕಿ ಹತ್ತಿರ ಇಟ್ಟರೆ. ಅಬಿವರ್ಡ್ ಅನ್ನುವ ಪುಕ್ಕಟೆ ಟೈಪಿಂಗ್ ತಂತ್ರಾಂಶ ಹಾಕಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ, ಹಳೇ ಮಷಿನ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ನಮಗೆ ಬರುವ ಸುತ್ತೋಲೆಗಳ ತುಂಬ ಕೋಷ್ಟಕಗಳು. ಅವು ಚೆಲ್ಲಾಪಿಲ್ಲಿಯಾದವು. ಕೊನೆಗೆ ಉಳಿದದ್ದು ಲಿಬ್ರೆಆಫೀಸ್ ಅನ್ನುವ ಆಫೀಸ್ ತಂತ್ರಾಂಶ. ಓಪನ್ ಆಫೀಸ್‌ನಿಂದ 2010ರಲ್ಲಿ ಕವಲೊಡೆದು ಬಂದದ್ದು. ಹಣ ಕೊಡಬೇಕಿಲ್ಲ, ಎಷ್ಟು ಮಷಿನ್‌ಗೆ ಬೇಕಾದರೂ ಹಾಕಬಹುದು, ಮಕ್ಕಳು ಪೆನ್‌ಡ್ರೈವಿನಲ್ಲಿ ಮನೆಗೂ ಒಯ್ಯಬಹುದು.

ದುಡ್ಡಿನ ಲೆಕ್ಕ ಅಲ್ಲಿಗೆ ಮುಗಿಯಿತು. ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ, ಕನ್ನಡದಿಂದ.

ನಮ್ಮ ಶಾಲೆಯ ಹಳೇ ಫೈಲುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಅದೂ ಯೂನಿಕೋಡ್ (ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಇರುವ ವ್ಯವಸ್ಥೆ) ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಆದವು. ಎಸ್‌ಡಿಎಂಸಿ ಸಭೆಯ ನಡಾವಳಿ, ಬೀಳ್ಕೊಡುಗೆ ಪತ್ರ, ಪ್ರಶ್ನೆಪತ್ರಿಕೆ ಎಲ್ಲ. ಆ ಹಳೇ ಪದ್ಧತಿಯಲ್ಲಿ ಕಂಪ್ಯೂಟರ್ ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರಗಳೇ. ಫಾಂಟು ಅವಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ನೀವೂ ನೋಡಿರ್ತೀರಿ, ಅಲ್ವಾ?

ಮೊದಲ ವಾರ ವಿಂಡೋಸ್ 7ರಲ್ಲೇ ಲಿಬ್ರೆಆಫೀಸ್ ಹಾಕಿ, ನುಡಿಯಲ್ಲೇ ಟೈಪ್ ಮಾಡುತ್ತಿದ್ದೆ. ಸಾಲಿನ ಮೊದಲಿಗೆ ‘ಜನವರಿ’ ಅಂತ ಹೊಡೆದು ಸ್ಪೇಸ್ ಒತ್ತಿದರೆ ‘ಆನವರಿ’ ಆಗುತ್ತಿತ್ತು. ಮತ್ತೆ ತಿದ್ದಿದೆ, ಮತ್ತೆ ಆನವರಿ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಹಳೇ ನುಡಿಯಲ್ಲಿ ‘ಜ’ ಅಂದರೆ ಚಿಕ್ಕ ಡಿ, ‘ಆ’ ಅಂದರೆ ದೊಡ್ಡ ಡಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು ತಂತ್ರಾಂಶದ ಅಭ್ಯಾಸ. ಅದರ ಕಣ್ಣಿಗೆ ಅದು ಇಂಗ್ಲಿಷ್. ಟೂಲ್ಸ್ ಮೆನುವಿನ ಆಟೋಕರೆಕ್ಟ್‌ನಲ್ಲಿ ಆ ಗುರುತು ತೆಗೆದೆ, ಸರಿಹೋಯಿತು. ಆದರೆ ಹೀಗೆ ಎಷ್ಟು ದಿನ ಅನ್ನಿಸಿತು. ಹೊಸದೆಲ್ಲ ಯೂನಿಕೋಡ್‌ನಲ್ಲೇ ಅಂತ ಅವತ್ತೇ ತೀರ್ಮಾನ ಮಾಡಿದೆ.

ಹತ್ತು ಮಷಿನ್‌ಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿದೆ. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ನಮ್ಮ ಕ್ಲರ್ಕ್‌ಗೆ ನುಡಿಯ ಕೀಲಿಮಣೆ ಬೆರಳಿಗೆ ಕೂತುಬಿಟ್ಟಿತ್ತು, ಇನ್ನು ಹೊಸದು ಕಲೀಬೇಕಾ ಅಂತ ಅವರಿಗೆ ಚಿಂತೆ. ಬೇಕಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ ಅನ್ನುವ ಹೆಸರಲ್ಲಿ ಇದೆ. ಕೆ, ಎನ್, ಎಫ್, ಎನ್, ಡಬ್ಲ್ಯು. ‘ಕನ್ನಡ’ ಬಂತು. ಅವರ ಮುಖ ನೋಡಿ ನನಗೂ ಸಮಾಧಾನವಾಯಿತು.

ಒಂದು ಸೆಟ್ಟಿಂಗ್ ಮಾತ್ರ ಮರೀಬೇಡಿ. ಲಿಬ್ರೆಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಆಪ್ಷನ್ಸ್‌ನ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ ಕನ್ನಡ ಆರಿಸಬೇಕು, ಫಾಂಟನ್ನೂ ಅಲ್ಲೇ ಪತ್ರ ಟೈಪ್ ಮಾಡುವ ರೈಟರ್‌ನ ಭಾಗದಲ್ಲಿ ಬೇರೆಯಾಗಿ ಹೇಳಬೇಕು. ನಾವು ಗುಬ್ಬಿ ಅನ್ನುವ ಫಾಂಟ್ ಇಟ್ಟುಕೊಂಡಿದ್ದೇವೆ. ಹಾಗೇ ಫೈಲ್ ಉಳಿಸುವ ರೂಪವನ್ನು ಮೈಕ್ರೋಸಾಫ್ಟ್ ವರ್ಡ್ ಬಳಸುವ ಡಾಕ್ಸ್‌ಗೆ ಬದಲಿಸಿದೆ, ಮೇಲಿನ ಕಚೇರಿಗಳಲ್ಲಿ ಅದೇ ನಡೆಯೋದು. ಬರೀ ಓದೋಕೆ ಕಳಿಸುವುದಾದರೆ ಪಿಡಿಎಫ್.

ವೇಗದ ವಿಷಯ. ಹಾರ್ಡ್ ಡಿಸ್ಕ್‌ನಲ್ಲಿ ರೈಟರ್ ತೆರೆಯೋಕೆ ಮುಕ್ಕಾಲು ನಿಮಿಷ ಬೇಕಾಗುತ್ತಿತ್ತು. ಆಪ್ಷನ್ಸ್‌ನಲ್ಲಿ ಜಾವಾ ಆಫ್ ಮಾಡಿದೆ, ಸ್ವಲ್ಪ ಹಗುರವಾಯಿತು. ಆಮೇಲೆ ಹಳೇ ವಿದ್ಯಾರ್ಥಿಗಳು ಸೇರಿ ನಾಲ್ಕು ಮಷಿನ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್), ಇನ್ನೊಂದಿಷ್ಟು ರ‍್ಯಾಮ್ ಕೊಡಿಸಿದರು. ಅವು ಈಗ ಹತ್ತು ಸೆಕೆಂಡಿನೊಳಗೆ ತೆರೆಯುತ್ತವೆ. ದಾನ ಕೊಡುವವರು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ಇನ್ನೆರಡು ಮಷಿನ್ ಬೇಡ, ಇರುವುದಕ್ಕೆ ಎಸ್‌ಎಸ್‌ಡಿ ಕೊಡಿಸಿ.

ಮಕ್ಕಳಿಗೆ ಲಿಬ್ರೆಆಫೀಸಿನ ಲೆಕ್ಕದ ಹಾಳೆ ಕ್ಯಾಲ್ಕ್ ಕಲಿಸಿದ್ದು ಬಿಸಿಯೂಟದ ಲೆಕ್ಕದಿಂದ. ಒಂದರಿಂದ ಐದನೇ ತರಗತಿಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150. ಒಂದು ದಿನ ಚಿಕ್ಕವರು 64, ದೊಡ್ಡವರು 41. ಉತ್ತರ 12.55 ಕೆಜಿ ಬಂತು. ಏಳನೇ ತರಗತಿ ಹುಡುಗಿಯೊಬ್ಬಳು ಅಡುಗೆ ಕೋಣೆಗೆ ಓಡಿ, ಅಕ್ಕ ಅಳೆದದ್ದು ಎಷ್ಟು ಅಂತ ಕೇಳಿಕೊಂಡು ಬಂದಳು. ಹನ್ನೆರಡೂವರೆ. ಆಮೇಲೆ ಹಾಜರಿ ತುಂಬುವ ಕೆಲಸ ಅವಳದೇ ಆಯಿತು.

ಹನ್ನೊಂದನೇ ಮಷಿನ್ ಇನ್ನೂ ವಿಂಡೋಸ್ 7ರಲ್ಲೇ ಇದೆ. ಅದಕ್ಕೆ ನೆಟ್ ಕೊಡಲ್ಲ. ಲಿಬ್ರೆಆಫೀಸ್ 25.8ರಿಂದ ಮುಂದಿನ ಆವೃತ್ತಿಗಳು ಅದರ ಮೇಲೆ ನಡೆಯುವುದೂ ಇಲ್ಲ, ಹಳೆಯದೇ ಸಾಕು. ಅದು ಇರೋದು ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತರೋಕೆ. ಪರಿವರ್ತಕ ಬಹುಪಾಲು ಸರಿಯಾಗಿ ಮಾಡುತ್ತದೆ. ಅರ್ಕಾವತ್ತು ಇರುವಲ್ಲಿ, ‘ರಾಷ್ಟ್ರ’ದಂಥ ಎರಡು ಒತ್ತಿನ ಪದಗಳಲ್ಲಿ ಒಮ್ಮೊಮ್ಮೆ ಎಡವುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಹಾಗಾಗಿ ಮೂಲ ಫೈಲನ್ನು ಅಳಿಸೋದಿಲ್ಲ, ಪಕ್ಕದಲ್ಲಿಟ್ಟು ಓದಿ ತಿದ್ದುತ್ತೇನೆ. ಸಭೆಯ ನಡಾವಳಿಗಳು ಮುಗಿದಿವೆ. ಬಾಕಿ ಇರೋದು ಶಾಲೆಯ ಹಳೇ ವಿದ್ಯಾರ್ಥಿಗಳ ಪಟ್ಟಿ. ಹೆಸರುಗಳು ತಪ್ಪಾಗಬಾರದು, ಅದಕ್ಕೇ ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಬೇಸಿಗೆ ರಜೆಯಲ್ಲಿ ಮಾಡಬೇಕು ಅಂತಿದ್ದೇನೆ.