ಕಪ್ಪು ಒಂದಕ್ಕೆ ಎರಡು ಬರಹ

ಮಂಗಳೂರಿನ ನಮ್ಮ ಇಗರ್ಜಿಯ ಗಾಯನ ಮಂಡಳಿಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಸಿದ್ಧಪಡಿಸಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಕಳೆದ ಕ್ರಿಸ್ಮಸ್ ಹಬ್ಬಕ್ಕೆ ಒಂದು ಕೊಂಕಣಿ ಗೀತೆಯನ್ನು, ಮುಖ್ಯ ಗಾಯಕಿಯ ಕಂಠಕ್ಕೆ ಒಪ್ಪುವಂತೆ, ಬಿಳಿ ಒಂದರಿಂದ ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯಿಂದ ಮೊದಲ ಕಪ್ಪು ಮನೆಗೆ, ಏರಿಸಬೇಕಾಯಿತು. ಯಕ್ಷಗಾನದ ಭಾಗವತರು ಶ್ರುತಿ ಹೇಳುವಾಗ ಕಪ್ಪು ಒಂದು ಎಂದರೆ ಮುಗಿಯಿತು. ಸ್ಟಾಫ್ ನೊಟೇಶನ್‌ನಲ್ಲಿ ಅದೇ ಮನೆಗೆ ಸಿ ಶಾರ್ಪ್ (ಸಿಗಿಂತ ಅರ್ಧ ಸ್ವರ ಮೇಲೆ), ಡಿ ಫ್ಲ್ಯಾಟ್ (ಡಿಗಿಂತ ಅರ್ಧ ಸ್ವರ ಕೆಳಗೆ) ಎಂಬ ಎರಡು ಹೆಸರುಗಳಿವೆ. ನಾನು ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ಹೆಚ್ಚು ಯೋಚಿಸದೆ ಸಿ ಶಾರ್ಪ್ ಮೇಜರ್ ಆರಿಸಿಬಿಟ್ಟೆ.

ಅದರ ಕೀ ಸಿಗ್ನೇಚರ್‌ನಲ್ಲಿ, ಅಂದರೆ ಸಾಲಿನ ಆರಂಭದಲ್ಲಿ ಬರುವ ಚಿಹ್ನೆಗಳ ಗುಂಪಿನಲ್ಲಿ, 7 ಶಾರ್ಪ್‌ಗಳಿವೆ. ಡಿ ಫ್ಲ್ಯಾಟ್ ಮೇಜರ್‌ಗೆ 5 ಫ್ಲ್ಯಾಟ್ ಸಾಕು. "ಇಷ್ಟು ಶಾರ್ಪ್ ಯಾಕೆ ಮಾರಾಯ್ರೇ?" ಎಂದು ಕೀಬೋರ್ಡ್ ನುಡಿಸುವವರು ಕೇಳಿದ್ದು ನ್ಯಾಯವೇ ಆಗಿತ್ತು. ನಮ್ಮೊಂದಿಗೆ ಆಲ್ಟೊ ಸ್ಯಾಕ್ಸೊಫೋನ್ ಕೂಡ ಇತ್ತು. ಕದ್ರಿ ಗೋಪಾಲನಾಥ್ ಅವರ ಊರಿನಲ್ಲಿ ಅದಿಲ್ಲದ ಮೇಳವುಂಟೇ? ಇ ಫ್ಲ್ಯಾಟ್ ವಾದ್ಯವಾದ (ಸಿ ಎಂದು ಬರೆದದ್ದು ಇ ಫ್ಲ್ಯಾಟ್ ಆಗಿ ಕೇಳಿಸುವ) ಅದಕ್ಕೆ ಸಿ ಶಾರ್ಪ್ ಮೇಜರ್ ಗೀತೆಯನ್ನು ಲೆಕ್ಕಪ್ರಕಾರ ಬರೆದರೆ 10 ಶಾರ್ಪ್ ಬೇಡುವ ಎ ಶಾರ್ಪ್ ಮೇಜರ್ ಆಗುತ್ತದೆ. ಡಿ ಫ್ಲ್ಯಾಟ್‌ನಿಂದ ಹೊರಟರೆ 2 ಫ್ಲ್ಯಾಟ್‌ನ ಬಿ ಫ್ಲ್ಯಾಟ್ ಮೇಜರ್.

ಹಾಗಾಗಿ ಡಿ ಫ್ಲ್ಯಾಟ್‌ಗೆ ಮಾರ್ಪಡಿಸಲು ಹೊರಟು, ಮೊದಲು ನಾನು ಕೀ ಸಿಗ್ನೇಚರನ್ನಷ್ಟೇ ಬದಲಿಸಿ ನೋಡಿದೆ. ಸ್ವರಗಳು ಹಳೆಯ ಹೆಸರಿನಲ್ಲೇ ಉಳಿದು, ಪ್ರತಿಯೊಂದರ ಮುಂದೆಯೂ ಶಾರ್ಪ್ ಚಿಹ್ನೆ ಎದ್ದು ನಿಂತಿತು. ಆಮೇಲೆ ಕನ್ಸರ್ಟ್ ಪಿಚ್ (ಎಲ್ಲ ವಾದ್ಯಗಳನ್ನೂ ನಿಜವಾಗಿ ಕೇಳಿಸುವ ಸ್ವರದಲ್ಲೇ ತೋರಿಸುವ ಆಯ್ಕೆ) ಆನ್ ಮಾಡಿ, ಇಡೀ ಸ್ಕೋರನ್ನು ಆಯ್ದುಕೊಂಡು, ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಪೆಟ್ಟಿಗೆಯಲ್ಲಿ ಡಿಮಿನಿಷ್ಡ್ ಸೆಕೆಂಡ್‌ನಷ್ಟು ಮೇಲಕ್ಕೆ ಎಂದು ಕೊಟ್ಟೆ. ಈ ಅಂತರದಲ್ಲಿ ಅಕ್ಷರ ಒಂದು ಮೆಟ್ಟಿಲು ಏರುತ್ತದೆ, ನಾದ ಇದ್ದಲ್ಲೇ ಇರುತ್ತದೆ: ಸಿ ಶಾರ್ಪ್ ಡಿ ಫ್ಲ್ಯಾಟ್ ಆಗುತ್ತದೆ, ಇ ಶಾರ್ಪ್ ಎಫ್ ಆಗುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸತಲ್ಲ. ಚತುಃಶ್ರುತಿ ರಿಷಭವೂ ಶುದ್ಧ ಗಾಂಧಾರವೂ ಒಂದೇ ಸ್ಥಾನದಲ್ಲಿ ಕುಳಿತಿದ್ದರೂ, ಕನಕಾಂಗಿ ರಾಗದಲ್ಲಿ ಅದನ್ನು ಗಾಂಧಾರವೆಂದೇ ಹಾಡಬೇಕು.

ತೊಡಕು ಇರುವುದು ಪರಿಶೀಲನೆಯಲ್ಲಿ. ಪ್ಲೇ ಮಾಡಿ ಕೇಳಿದರೆ ಮೊದಲಿನದಕ್ಕೂ ಈಗಿನದಕ್ಕೂ ಕೂದಲೆಳೆಯ ವ್ಯತ್ಯಾಸವೂ ತಿಳಿಯದು; ಆದ್ದರಿಂದ ತಪ್ಪನ್ನು ಕಣ್ಣೇ ಹಿಡಿಯಬೇಕು. ನಾನು ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಸ್ಕೇಲಿನ ಹೊರಗಿನ ಸ್ವರಗಳನ್ನು ಮಾತ್ರ ಒಂದೊಂದಾಗಿ ನೋಡುತ್ತಾ ಹೋದೆ. ಗೀತೆಯ ಕೊನೆಯ ಸಾಲಿನಲ್ಲಿ ನಾಲ್ಕನೆಯ ಸ್ವರದ ಮೇಲೆ ಒಂದು ಮೈನರ್ ಕಾರ್ಡ್ ಬರುತ್ತದೆ. ಸಿ ಶಾರ್ಪ್‌ನಲ್ಲಿ ಅದು ಎಲ್ಲರ ಬೆರಳಿಗೂ ಪರಿಚಿತವಾದ ಎಫ್ ಶಾರ್ಪ್ ಮೈನರ್. ಏರಿಸಿದ ಮೇಲೆ ಜಿ ಫ್ಲ್ಯಾಟ್ ಮೈನರ್ ಆಗಿ, ಅದರ ನಡುವಿನ ಎ ಸ್ವರ ಬಿ ಡಬಲ್ ಫ್ಲ್ಯಾಟ್ (ಬಿಗಿಂತ ಎರಡು ಅರ್ಧ ಸ್ವರ ಕೆಳಗೆ) ಎಂಬ ವೇಷ ತೊಟ್ಟಿತ್ತು. ವ್ಯಾಕರಣಕ್ಕೆ ಅದೇ ಸರಿ.

ಆಲ್ಟೊ (ಮಂಡಳಿಯ ತಗ್ಗಿನ ಸ್ತ್ರೀ ಕಂಠ) ಹಾಡುವವರ ಸಾಲಿನಲ್ಲಿ ಅದನ್ನು ಹಾಗೆಯೇ ಬಿಟ್ಟೆ, ಏಕೆಂದರೆ ಅವರು ಬಿ ಫ್ಲ್ಯಾಟ್‌ನಿಂದ ಅರ್ಧ ಸ್ವರ ಇಳಿದು ಈ ಸ್ವರಕ್ಕೆ ಬಂದು, ಅಲ್ಲಿಂದ ಎ ಫ್ಲ್ಯಾಟ್‌ಗೆ ಹೋಗಬೇಕಿತ್ತು, ಆ ಇಳಿತ ಬರಹದಲ್ಲೂ ಕಾಣುವುದು ಒಳ್ಳೆಯದು. ಕೀಬೋರ್ಡ್‌ನ ಸಾಲಿನಲ್ಲಿ ಮಾತ್ರ ಆ ಕಾರ್ಡಿನ ಮೂರು ಸ್ವರಗಳನ್ನೂ ಆಯ್ದು, ಜೆ ಕೀಲಿ ಒತ್ತಿ ಹಳೆಯ ಹೆಸರಿಗೆ ತಂದೆ; ಮೇಲಿನ ಕಾರ್ಡ್ ಹೆಸರನ್ನೂ ಎಫ್ ಶಾರ್ಪ್ ಮೈನರ್ ಎಂದೇ ಕೈಯಾರೆ ತಿದ್ದಿದೆ.