ಕಾಯಿಹಾಲು ಹುಳಿ ಬರಿಸಿ ಮೈಗೆ ಹಚ್ಚುವ ಎಣ್ಣೆ

ಕುಮಟಾ, ಹೊನ್ನಾವರದ ಕಡೆ ಹಿತ್ತಿಲ ತುಂಬ ತೆಂಗು. ಆದರೂ ಮೈಗೆ ಹಚ್ಚುವ ಎಣ್ಣೆ ಅಂಗಡಿಯಿಂದಲೇ ಬರುತ್ತದೆ. ಕಾಯಿಹಾಲು ಹುಳಿ ಬರಿಸಿದರೆ ಗಾಣ ಬೇಡ, ಕೊಬ್ಬರಿ ಒಣಗಿಸುವುದೂ ಬೇಡ. ಮಳೆಗಾಲದಲ್ಲೂ ಮಾಡಬಹುದು. ಎಷ್ಟೋ ಜನ ಕೆಡಿಸಿಕೊಂಡಿದ್ದನ್ನು ನೋಡಿದ್ದೇನೆ. ಹೆಚ್ಚಿನವರು ಎಡವುವುದು ಎಣ್ಣೆ ಎತ್ತುವಾಗ.

1. ಬಲಿತ ಕಾಯಿ ತುರಿದು, ಅಷ್ಟೇ ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಪ್ಯಾಕೆಟ್ ಕಾಯಿಹಾಲು ಬೇಡವೇ ಬೇಡ. ಹಾಲು ಒಡೆಯದಿರಲೆಂದು ಅದಕ್ಕೆ ಏನಾದರೂ ಸೇರಿಸಿರುತ್ತಾರೆ. ನಮಗೆ ಒಡೆಯಲೇಬೇಕು.

2. ಅಗಲ ಬಾಯಿಯ ಗಾಜಿನ ಜಾಡಿಗೆ ಸುರಿದು, ತೆಳು ಬಟ್ಟೆ ಕಟ್ಟಿಡಿ. ಕಾರವಾರದ ಸೆಖೆಗೆ ಒಂದು ಹಗಲು, ಒಂದು ರಾತ್ರಿ ಸಾಕು. ಶಿರಸಿಯ ಚಳಿಯಲ್ಲಾದರೆ ಒಲೆಯ ಹತ್ತಿರ ಇಡಿ. ಹಾಲಿನಲ್ಲಿ ಬ್ಯಾಕ್ಟೀರಿಯಾ ಹುಳಿ ಹುಟ್ಟಿಸುತ್ತದೆ. ಜಿಡ್ಡನ್ನು ಹಿಡಿದಿಟ್ಟ ಪ್ರೋಟೀನ್ ಒಡೆದು ಎಣ್ಣೆ ಬಿಡುತ್ತದೆ. ಹೆಚ್ಚು ದಿನ ಇಟ್ಟರೆ ಹುಳಿ ವಾಸನೆ ಎಣ್ಣೆಗೇ ಹತ್ತುತ್ತದೆ. ಕಪ್ಪು, ಗುಲಾಬಿ ಬೂಸ್ಟು ಕಂಡರೆ ಎಲ್ಲವನ್ನೂ ಚೆಲ್ಲಿ.

3. ಈಗ ಜಾಡಿಯನ್ನು ಬೆಳಕಿಗೆ ಹಿಡಿಯದೆ, ಇದ್ದಲ್ಲೇ ಬಗ್ಗಿ ನೋಡಿ. ಮೇಲೆ ಮೊಸರಿನಂಥ ಬಿಳಿ ಗಷ್ಟು, ನಡುವೆ ತಿಳಿ ಎಣ್ಣೆ, ತಳದಲ್ಲಿ ಮಬ್ಬು ಹುಳಿನೀರು. ಜಾಡಿ ಬಗ್ಗಿಸಿ ಬಸಿದರೆ ಮೂರೂ ಕಲಸಿಹೋಗುತ್ತವೆ. ಮೊದಲು ಚಪ್ಪಟೆ ಚಮಚದಿಂದ ಗಷ್ಟನ್ನು ಬೇರೆ ಬಟ್ಟಲಿಗೆ ತೆಗೆಯಿರಿ. ಆಮೇಲೆ ಸಣ್ಣ ಚಮಚದಿಂದ ಎಣ್ಣೆಯನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಎತ್ತಿ. ನೀರಿಗೆ ತಾಗಿದ ಕೊನೆಯ ಪದರಕ್ಕೆ ಕೈ ಹಾಕಬೇಡಿ. ಜಾಡಿಯನ್ನು ಫ್ರಿಜ್ಜಿನಲ್ಲಿಟ್ಟರೆ ಆ ಎಣ್ಣೆ ಗಟ್ಟಿಯಾಗುತ್ತದೆ, ನೀರು ಸುಲಭವಾಗಿ ಸುರಿದುಹೋಗುತ್ತದೆ.

4. ಒಣ ಬಟ್ಟೆಯಲ್ಲಿ ಸೋಸಿ. ಎಣ್ಣೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ನೀರಿನಂಶ ಆರಿಸಿ. ನೇರ ಬೆಂಕಿಗಿಟ್ಟರೆ ಬಣ್ಣವೂ ಹೋಯಿತು, ಪರಿಮಳವೂ ಹೋಯಿತು. ನೀರು ಉಳಿದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿ. ಚಟಪಟ ಎಂದರೆ ಇನ್ನೂ ನೀರಿದೆ, ಸುಮ್ನೆ ಉರಿದರೆ ಬಾಟಲಿಗೆ ಹಾಕಿ.

ಮೂಗಿಗೆ ರಾಚುವ ಪರಿಮಳ ಬೆರೆಸಿ ಮಾರುವ ಎಣ್ಣೆಗಳನ್ನು ನಾನಂತೂ ಮನೆಗೆ ತರುವುದಿಲ್ಲ. ಇದಕ್ಕೆ ಹಸಿಕಾಯಿಯ ನಸು ವಾಸನೆ ಮಾತ್ರ ಇರುತ್ತದೆ.

ಸ್ನಾನವಾದ ಮೇಲೆ ಒಣ ಕೈಕಾಲಿಗೆ, ಒಡೆದ ಹಿಮ್ಮಡಿಗೆ ಹಚ್ಚಿ. ಮೊಡವೆ ಏಳುವ ಮುಖಕ್ಕೆ ಬೇಡ, ರಂಧ್ರ ಮುಚ್ಚಿಕೊಳ್ಳುತ್ತದೆ. ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಸುಮಾರು 24 ಡಿಗ್ರಿಗಿಂತ ತಂಪಾದರೆ ಎಣ್ಣೆ ಹೆಪ್ಪುಗಟ್ಟುತ್ತದೆ, ಅದು ಕೆಟ್ಟಿದ್ದಲ್ಲ. ತೆಗೆದಿಟ್ಟ ಗಷ್ಟನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಇನ್ನಷ್ಟು ಎಣ್ಣೆ ಸಿಗುತ್ತದೆ. ಅದು ತಲೆಗೆ. ಹಿಂಡಿದ ತುರಿ ದನಕ್ಕೆ.